ಹೆಣ್ಣನ್ನು ಹೆಸರಿಸುವ ಮಾತುಗಳು



ವಾರ್ಷಿಕ ಸಂಚಿಕೆಗೆ ಮುಖ್ಯೋಪಾಧ್ಯಾಯನು ಒಂದು ಲೇಖನವನ್ನು ಬರೆದುಕೊಡಬೇಕೆಂಬುದು ಸಂಸ್ಥೆಯ ಹಿರಿಯರ ಅಪ್ಪಣೆ. ಈ ಸಲ ವಿಷಯವನ್ನು ಅರಸಿಕೊಂಡು ನಾನು ಎಲ್ಲಿಗೂ ಹೋಗಬೇಕಾಗಲಿಲ್ಲ. ಅದು ತಾನಾಗಿಯೇ ಒಂದು ಅರ್ಜಿಯ ರೂಪದಲ್ಲಿ ನನ್ನ ಮೇಜಿನ ಮೇಲೆ ಬಂದು ಕುಳಿತಿತು.

ನಮ್ಮ ಶಾಲೆಯಲ್ಲಿ ಏಳನೆಯ ಇಯತ್ತೆಯಲ್ಲಿ ಓದುತ್ತಿದ್ದ ಬಾಲಿಕೆಯೊಬ್ಬಳು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿಕೊಂಡಿದ್ದಳು. ಅವಳ ತಾಯ್ತಂದೆಗಳು ಬಾಗಲಕೋಟೆ ಜಿಲ್ಲೆಯವರು. ಹೊಲದ ಕೆಲಸದ ನಿಮಿತ್ತ ವರ್ಷದ ಬಹುಭಾಗ ಊರಲ್ಲಿಯೇ ಇರತಕ್ಕವರು. ಮಗಳು ಮಾತ್ರ ಇಲ್ಲಿ ವೆರ್ಣಾದಲ್ಲಿ ಚಿಗವ್ವನ ಮನೆಯಲ್ಲಿದ್ದು ಶಾಲೆಗೆ ಬರುತ್ತಾಳೆ. ಅರ್ಜಿಯಲ್ಲಿ ಪೋಷಕರ ಹೆಸರಿನ ಮುಂದೆ ‘ವಿದ್ಯಾರ್ಥಿಗೆ ಇವರ ಸಂಬಂಧ’ ಎಂಬ ಅಂಕಣವಿತ್ತು. ಚಿಗವ್ವನು ಇದ್ದುದನ್ನು ಇದ್ದಂತೆ ಹೇಳಿದಳು. ಹಣ ತೆಗೆದುಕೊಂಡು ಇಂಗ್ಲಿಷಿನಲ್ಲಿ ಅರ್ಜಿ ತುಂಬಿಕೊಡುವ ಗೃಹಸ್ಥನೊಬ್ಬನು ಅದನ್ನು ‘ಸ್ಟೆಪ್ ಮದರ್’ ಎಂದು ಬರೆದನು, ಎಂದರೆ ಮಲತಾಯಿ. ಎರಡು ತಿಂಗಳಾದ ಮೇಲೆ ಕಚೇರಿಯಿಂದ ಪತ್ರ ಬಂದಿತು: ಬಾಲಿಕೆಯ ಜನ್ಮದಾತ್ರಿಯ ಮರಣದ ದಾಖಲೆಯನ್ನು ಲಗತ್ತಿಸತಕ್ಕದ್ದು!

ಊರಲ್ಲಿ ಜೋಳದ ಹೊಲದಲ್ಲಿ ಕಳೆ ಕೀಳುತ್ತಿರುವ ತಾಯಿಯ ಮರಣದ ದಾಖಲೆಯನ್ನು ಎಲ್ಲಿಂದ ತರುವುದು? ಹುಡುಗಿ ಆ ಪತ್ರವನ್ನು ಓದಿಕೊಂಡು ನನ್ನ ಮುಂದೆ ನಿಂತು ಅತ್ತಳು. ಅಷ್ಟು ಅಳುವುದಕ್ಕೆ ಕಾರಣ ಹಣವಲ್ಲವೆಂದು ನನಗೆ ಗೊತ್ತು.

ಹಾಗೆ ನೋಡಿದರೆ ಬರೆದುಕೊಟ್ಟವನದೇ ಸಂಪೂರ್ಣ ತಪ್ಪೆನ್ನುವುದೂ ನ್ಯಾಯವಲ್ಲ. ಚಿಗವ್ವ ಎಂದರೆ ತಾಯಿಯ ತಂಗಿ. ತಂದೆಯ ತಮ್ಮನ ಹೆಂಡತಿಯೂ ಚಿಗವ್ವನೇ. ತಂದೆಯು ಎರಡನೆಯ ಮದುವೆಯಾದರೆ ಆ ಬಂದವಳನ್ನೂ ಮಕ್ಕಳು ಚಿಗವ್ವ ಎಂದೇ ಕರೆಯುತ್ತಾರೆ. ನಮಗೆ ಸಂದರ್ಭದಿಂದ ಅರ್ಥ ಹೊಳೆಯುತ್ತದೆ. ಅಂಕಣಕ್ಕೆ ಸಂದರ್ಭವಿಲ್ಲ. ಒಂದು ಭಾಷೆಯಲ್ಲಿ ಹೆಣ್ಣನ್ನು ಹೆಸರಿಸುವ ಮಾತನ್ನು ಇನ್ನೊಂದು ಭಾಷೆಗೆ ಎತ್ತಿಡುವಾಗ ಏನೇನು ಸಂಭವಿಸುತ್ತದೆ ಎಂಬುದನ್ನು ಅಂದಿನಿಂದ ನಾನು ಸ್ವಲ್ಪ ಲಕ್ಷ್ಯಗೊಟ್ಟು ನೋಡತೊಡಗಿದೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಕೊಂಕಣಿ, ಬೀದಿಯಲ್ಲಿ ಹಿಂದಿ, ಕಾಗದಪತ್ರದಲ್ಲಿ ಇಂಗ್ಲಿಷು ಎಂದು ದಿನಕ್ಕೆ ನಾಲ್ಕು ಭಾಷೆಗಳನ್ನು ದಾಟಿ ಬರುವ ನಮ್ಮ ಮಕ್ಕಳಿಗೆ ಇದು ಕೇವಲ ವ್ಯಾಕರಣದ ವಿಷಯವಲ್ಲ.

ಮೊದಲು ನೆರೆಯ ಕೊಂಕಣಿಯನ್ನೇ ತೆಗೆದುಕೊಳ್ಳೋಣ. ಐದನೆಯ ಇಯತ್ತೆಯ ಇನ್ನೊಬ್ಬ ಬಾಲಿಕೆ ಒಮ್ಮೆ ದೂರು ತಂದಿದ್ದಳು. “ಸರ್, ನಮ್ಮ ಬಾಜೂಮನಿ ಅಜ್ಜಿ ನನಗ ‘ಅದು ಬಂತು’ ಅಂತಾಳ್ರಿ, ನಾಯಿಗೆ ಅಂದಂಗ.” ವಿಚಾರಿಸಲಾಗಿ ಆ ಮುದುಕಿ ಹೇಳಿದ ಮಾತು ‘ಚೆಡುಂ ಆಯ್ಲೆಂ’ ಎಂಬುದಾಗಿತ್ತು. ಚೆಡುಂ ಎಂದರೆ ಹುಡುಗಿ. ಕೊಂಕಣಿಯಲ್ಲಿ ಗಂಡಸು ಬಂದರೆ ‘ತೊ ಆಯ್ಲೊ’, ಹಿರಿಯ ಹೆಂಗಸು ಬಂದರೆ ‘ತಿ ಆಯ್ಲಿ’. ಹುಡುಗಿ ಬಂದರೆ ‘ತೆಂ ಆಯ್ಲೆಂ’. ಈ ‘ತೆಂ’ ಎಂಬುದು ನಪುಂಸಕಲಿಂಗ. ನಮ್ಮ ವೆರ್ಣಾ ಇರುವ ಸಾಷ್ಟಿ ತಾಲೂಕಿನಲ್ಲಿ, ವಿಶೇಷವಾಗಿ ಕ್ರೈಸ್ತರ ಮನೆಮಾತಿನಲ್ಲಿ, ಹುಡುಗಿಯರನ್ನೂ ಮಾತನಾಡುವವರಿಗಿಂತ ಕಿರಿಯರಾದ ಹೆಂಗಸರನ್ನೂ ಹೀಗೆ ನಪುಂಸಕದಲ್ಲಿ ಹೇಳುವ ರೂಢಿಯುಂಟು. ಊರಿನಿಂದ ಊರಿಗೆ, ಸಮಾಜದಿಂದ ಸಮಾಜಕ್ಕೆ ಇದರ ಪ್ರಯೋಗದಲ್ಲಿ ವ್ಯತ್ಯಾಸವಿದೆ. ಆದರೆ ಎಲ್ಲಿಯೂ ಇದು ತಿರಸ್ಕಾರವಲ್ಲ. ಮಗುವಿಗೆ ‘ಭುರ್ಗೆಂ’ ಎನ್ನುತ್ತಾರಲ್ಲ, ಅದೂ ನಪುಂಸಕವೇ. ಚಿಕ್ಕದು, ಎಳೆಯದು, ಮುದ್ದಿನದು ಎಂಬ ಭಾವದಿಂದ ಬಂದ ಪ್ರಯೋಗವಿದು. ಅಜ್ಜಿಯು ‘ತಿ ಆಯ್ಲಿ’ ಎಂದಿದ್ದರೆ, ಹತ್ತು ವರ್ಷದ ಹುಡುಗಿಗೆ ಅದು ದೊಡ್ಡ ಹೆಂಗಸೆಂದು ಹಾಸ್ಯ ಮಾಡಿದಂತಾಗುತ್ತಿತ್ತೇನೋ!

ಕನ್ನಡಿಗರಾದ ನಾವು ಇದನ್ನು ಕೇಳಿ ನಗುವಂತೆಯೂ ಇಲ್ಲ. ಉತ್ತರ ಕನ್ನಡ, ದಕ್ಷಿಣ ಕನ್ನಡ, ಕಾಸರಗೋಡುಗಳ ಹವ್ಯಕರ ಕನ್ನಡದಲ್ಲಿ ಮನೆಯ ಹೆಂಗಸರನ್ನೇ ‘ಅದು ಬಂತು, ಅದು ಹೇಳಿತು’ ಎಂಬ ರೀತಿಯಲ್ಲಿ ಹೇಳುತ್ತಾರೆ. ಅಲ್ಲಿ ‘ಮಾಣಿ’ ಎಂದರೆ ಹುಡುಗ, ‘ಕೂಸು’ ಎಂದರೆ ಹುಡುಗಿ. ತೆಲುಗಿನಲ್ಲಂತೂ ‘ಆಮೆ ವಚ್ಚಿಂದಿ’ ಎಂದರೆ ಆಕೆ ಬಂದಳು. ‘ಬಸ್ಸು ವಚ್ಚಿಂದಿ’ ಎಂದರೆ ಬಸ್ಸು ಬಂದಿತು. ಕ್ರಿಯಾಪದ ಒಂದೇ. ಜರ್ಮನ್ ಭಾಷೆಯಲ್ಲಿ ಹುಡುಗಿಗೆ ಹೇಳುವ ‘ಮೇಡ್‌ಶೆನ್’ ಎಂಬುದು ನಪುಂಸಕ. ಕಿರಿದನ್ನು ಸೂಚಿಸುವ ‘ಶೆನ್’ ಪ್ರತ್ಯಯವು ಬಂದರೆ ಆ ಭಾಷೆಯಲ್ಲಿ ಯಾವ ಶಬ್ದವೂ ನಪುಂಸಕವಾಗುತ್ತದೆ. ಸಂಸ್ಕೃತದ ವೈಚಿತ್ರ್ಯ ಇನ್ನೂ ಮಿಗಿಲಾದುದು. ಹೆಂಡತಿ ಎಂಬ ಅರ್ಥದ ‘ಭಾರ್ಯಾ’ ಸ್ತ್ರೀಲಿಂಗ, ‘ಕಲತ್ರಂ’ ನಪುಂಸಕಲಿಂಗ, ‘ದಾರಾಃ’ ಪುಲ್ಲಿಂಗ, ಅದೂ ಸದಾ ಬಹುವಚನ. ಒಬ್ಬಳೇ ಹೆಂಡತಿ, ಮೂರು ಲಿಂಗ! ಅಮರಕೋಶಕ್ಕೆ ‘ನಾಮಲಿಂಗಾನುಶಾಸನ’ ಎಂಬ ಹೆಸರು ಸುಮ್ಮನೆ ಬಂದುದಲ್ಲ. ಹೆಸರಿನೊಡನೆ ಲಿಂಗವನ್ನೂ ಕಲಿಸದೆ ಆ ಭಾಷೆಯಲ್ಲಿ ಗತ್ಯಂತರವಿಲ್ಲ. ನಮ್ಮ ಗ್ರಂಥಸ್ಥ ಕನ್ನಡದಲ್ಲಿ ಹಾಗಲ್ಲ, ಲಿಂಗವು ಅರ್ಥವನ್ನು ಹಿಂಬಾಲಿಸುತ್ತದೆ. ಆದಕಾರಣ ವ್ಯಾಕರಣದ ಲಿಂಗವನ್ನು ಕೇಳಿದೊಡನೆ ಕನ್ನಡದ ಮಗುವು ಅದರಲ್ಲಿ ಗೌರವ ಅಗೌರವಗಳನ್ನು ಹುಡುಕುತ್ತದೆ. ಆ ಬಾಲಿಕೆಗೂ ಆದುದು ಅದೇ.

ಅವಳ ಸಮಾಧಾನಕ್ಕೆ ನಾನು ಇನ್ನೊಂದು ಮಾತನ್ನು ಹೇಳಿದೆ; ಅದನ್ನು ಇಲ್ಲಿ ಎಲ್ಲರಿಗೂ ಹೇಳುತ್ತೇನೆ. ‘ಹೆಂಗಸು’ ಎಂಬ ನಮ್ಮ ದಿನಬಳಕೆಯ ಶಬ್ದವನ್ನು ಬಿಡಿಸಿ ನೋಡಿರಿ. ಹಳಗನ್ನಡದ ‘ಪೆಣ್’ ಮತ್ತು ‘ಕೂಸು’ ಎರಡೂ ಕೂಡಿ ‘ಪೆಂಗೂಸು’ ಆಯಿತು. ಪಕಾರವು ಹಕಾರವಾಗಿ, ನಡುವಿನ ದೀರ್ಘ ಕುಗ್ಗಿ ‘ಹೆಂಗಸು’ ಆಯಿತು. ಹಾಗೆಯೇ ‘ಗಂಡುಗೂಸು’ ಎಂಬುದು ‘ಗಂಡಸು’. ಎಂದರೆ ಅರುವತ್ತು ವರ್ಷದ ಹೆಂಗಸನ್ನೂ ನಾವು ನಮಗೇ ತಿಳಿಯದಂತೆ ಕೂಸೆಂದು ಕರೆಯುತ್ತಿದ್ದೇವೆ. ಬಿಜಾಪುರ, ಬಾಗಲಕೋಟೆ, ಗದಗಗಳ ಕಡೆಯ ನಮ್ಮ ಪಾಲಕರು ‘ಒಬ್ಬಾಕಿ ಹೆಣ್ಣಮಗಳು ಬಂದಿದ್ಲು’ ಎನ್ನುವಾಗ ಆ ಹೆಣ್ಣುಮಗಳು ಯಾರದೋ ಅಜ್ಜಿಯಾಗಿರಬಹುದು. ಇದನ್ನು ಇಂಗ್ಲಿಷಿನ ‘ಡಾಟರ್’ ಎಂಬ ಶಬ್ದದಿಂದ ಭಾಷಾಂತರಿಸುವ ವಿದ್ಯಾರ್ಥಿಯ ಕಾಗದಕ್ಕೆ ನಾನು ಕೆಂಪು ಶಾಯಿ ಹಚ್ಚಲೇಬೇಕಾಗುತ್ತದೆ. ಹಚ್ಚುವಾಗ ನನಗೆ ಸ್ವಲ್ಪ ವ್ಯಸನವೂ ಆಗುತ್ತದೆ, ಏಕೆಂದರೆ ಶಬ್ದಶಃ ಅವನು ಬರೆದುದು ಸರಿ.

ಇಂಗ್ಲಿಷಿನವರೂ ಈ ವಿಷಯದಲ್ಲಿ ನಮಗಿಂತ ಬೇರೆಯಲ್ಲ. ‘ಗರ್ಲ್’ ಎಂಬ ಶಬ್ದವು ಸುಮಾರು ಏಳುನೂರು ವರ್ಷಗಳ ಹಿಂದೆ ಗಂಡು ಹೆಣ್ಣು ಎಂಬ ಭೇದವಿಲ್ಲದೆ ಯಾವ ಮಗುವಿಗೂ ಸಲ್ಲುತ್ತಿತ್ತು. ‘ವೈಫ್’ ಎಂಬುದು ಪ್ರಾಚೀನ ಇಂಗ್ಲಿಷಿನಲ್ಲಿ ‘ವೀಫ್’ ಆಗಿತ್ತು; ಅರ್ಥ ಹೆಂಡತಿಯಲ್ಲ, ಹೆಣ್ಣು; ಲಿಂಗ ನಪುಂಸಕ. ಅದಕ್ಕೆ ಮನುಷ್ಯ ಎಂಬರ್ಥದ ‘ಮನ್’ ಸೇರಿ ‘ವೀಫ್‌ಮನ್’ ಆಯಿತು. ಅದೇ ಇಂದಿನ ‘ವುಮನ್’. ಆದುದರಿಂದ ಗಂಡಸಿನ ಹೆಸರಿಗೆ ಬಾಲ ಹಚ್ಚಿ ಹೆಂಗಸಿನ ಹೆಸರನ್ನು ಮಾಡಿದರೆಂಬ ಮಾತು ನಿಜವಲ್ಲ. ಆಗ ‘ಮನ್’ ಎಂಬುದು ಗಂಡಸರ ಸೊತ್ತಾಗಿರಲಿಲ್ಲ. ‘ಲೇಡಿ’ ಎಂಬುದರ ಮೂಲರೂಪಕ್ಕೆ ರೊಟ್ಟಿಯ ಹಿಟ್ಟು ನಾದುವವಳು ಎಂಬ ಅರ್ಥ. ‘ಲಾರ್ಡ್’ ಎಂದರೆ ರೊಟ್ಟಿಯನ್ನು ಕಾಯುವವನು. ನಾದುವ ಕೆಲಸವಾವುದು, ಕಾಯುವ ಕೆಲಸವಾವುದು ಎಂಬುದನ್ನು ಬೆಳಗಿನ ನಾಲ್ಕು ಗಂಟೆಗೆ ಎದ್ದು ರೊಟ್ಟಿ ಬಡಿಯುವ ನಮ್ಮ ತಾಯಂದಿರಿಗೆ ನಾನು ವಿವರಿಸಬೇಕಾಗಿಲ್ಲ. ‘ಸ್ಪಿನ್‌ಸ್ಟರ್’ ಎಂದರೆ ನೂಲುವವಳು. ಆಮೇಲೆ ಮದುವೆಯಾಗದವಳೆಂಬ ಅರ್ಥ ಅಂಟಿಕೊಂಡಿತು.

ಈಗ ಸ್ವಲ್ಪ ದೂರ ಹೋಗೋಣ. ಆದರೆ ಪ್ರಯಾಣವು ನಮ್ಮ ಹಿತ್ತಿಲಿನಿಂದಲೇ ಆರಂಭವಾಗುತ್ತದೆ. ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಪಾದ್ರಿಯು 1579ರಲ್ಲಿ ಗೋವೆಗೆ ಬಂದು, 1619ರಲ್ಲಿ ತೀರಿಕೊಳ್ಳುವವರೆಗೆ ಇಲ್ಲಿಯೇ, ಹೆಚ್ಚಾಗಿ ನಮ್ಮ ಸಾಷ್ಟಿಯಲ್ಲಿಯೇ, ಕೆಲಸ ಮಾಡಿದನು. ಅವನು ಬರೆದ ಕೊಂಕಣಿ ವ್ಯಾಕರಣವು ಅವನ ತರುವಾಯ 1640ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಅದರ ಹೆಸರು ‘ಆರ್ತೆ ದ ಲಿಂಗ್ವಾ ಕನಾರಿಂ’. ಪೋರ್ತುಗೀಜರು ಇಲ್ಲಿಯ ಜನರನ್ನೂ ಅವರ ಕೊಂಕಣಿಯನ್ನೂ ‘ಕನಾರಿಂ’ ಎಂದು ಕರೆಯುತ್ತಿದ್ದರು. ಹೆಸರು ನಮ್ಮದು, ಭಾಷೆ ನೆರೆಯವರದು! ಈ ಸ್ಟೀಫನ್ಸನು 1583ರಲ್ಲಿ ಗೋವೆಯಿಂದ ತನ್ನ ತಮ್ಮನಿಗೆ ಬರೆದ ಪತ್ರದಲ್ಲಿ, ಇಲ್ಲಿಯ ಭಾಷೆಗಳ ರಚನೆಯು ಗ್ರೀಕ್ ಲ್ಯಾಟಿನ್‌ಗಳ ರಚನೆಯನ್ನು ಹೋಲುತ್ತದೆಂದು ತಿಳಿಸಿದನು. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದಿಂದ ಬಂದಿರಬೇಕೆಂದು ಸರ್ ವಿಲಿಯಂ ಜೋನ್ಸನು ಕಲಕತ್ತೆಯಲ್ಲಿ ಸಾರಿದುದು 1786ರಲ್ಲಿ. ಅದಕ್ಕಿಂತ ಎರಡು ನೂರು ವರ್ಷಗಳ ಮುಂಚೆ ಅದರ ಸುಳಿವು ಗೋವೆಯಲ್ಲಿ ಕುಳಿತವನೊಬ್ಬನಿಗೆ ಹತ್ತಿತ್ತೆಂಬುದು ಇಲ್ಲಿಯ ಮಕ್ಕಳು ತಿಳಿದಿರಬೇಕಾದ ಸಂಗತಿ.

ಈ ದೊಡ್ಡ ಕುಟುಂಬದಲ್ಲಿ ಲಿಥುವೇನಿಯನ್ ಎಂಬ ಒಂದು ಭಾಷೆಯಿದೆ. ಯುರೋಪಿನ ಉತ್ತರದಲ್ಲಿ ಬಾಲ್ಟಿಕ್ ಸಮುದ್ರದ ದಡದಲ್ಲಿರುವ ಲಿಥುವೇನಿಯಾ ದೇಶದ ನುಡಿ ಇದು. 1990ರ ಮಾರ್ಚ್ 11ರಂದು ಸೋವಿಯತ್ ಒಕ್ಕೂಟದಿಂದ ಬಿಡಿಸಿಕೊಂಡು ಸ್ವಾತಂತ್ರ್ಯವನ್ನು ಸಾರಿದ ಸಣ್ಣ ರಾಷ್ಟ್ರ. ಆಡುವವರು ಸುಮಾರು ಮೂವತ್ತು ಲಕ್ಷ. ಇಷ್ಟು ದೂರದ ಭಾಷೆಯ ಗೊಡವೆ ನಮಗೇಕೆಂದು ಕೇಳುವಿರಿ. ಇಂದು ಜೀವಂತವಾಗಿರುವ ಯುರೋಪಿನ ಭಾಷೆಗಳಲ್ಲಿ ಪ್ರಾಚೀನ ರೂಪಗಳನ್ನು ಅತ್ಯಂತ ಜತನದಿಂದ ಕಾದಿಟ್ಟುಕೊಂಡುದು ಇದೇ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. 1833ರಿಂದ ಪ್ರಕಟವಾಗತೊಡಗಿದ ತನ್ನ ತುಲನಾತ್ಮಕ ವ್ಯಾಕರಣದಲ್ಲಿ ಫ್ರಾನ್ಸ್ ಬೊಪ್ಪನು ಸಂಸ್ಕೃತದ ಪಕ್ಕದಲ್ಲಿ ಅದನ್ನೂ ಕೂಡಿಸಿದನು. ಅದರ ಹೆಣ್ಣುಮಾತುಗಳನ್ನು ಕಿವಿಗೊಟ್ಟು ಕೇಳಿರಿ.

ಮಗಳಿಗೆ ಸಂಸ್ಕೃತದಲ್ಲಿ ‘ದುಹಿತೃ’, ಇಂಗ್ಲಿಷಿನಲ್ಲಿ ‘ಡಾಟರ್’, ಲಿಥುವೇನಿಯನ್ನಿನಲ್ಲಿ ‘ದುಕ್ತೇ’, ನಮ್ಮ ವೆರ್ಣಾದ ಕೊಂಕಣಿಯಲ್ಲಿ ‘ಧುವ್’. ನಾಲ್ಕೂ ಒಂದೇ ಶಬ್ದ. ಪ್ರಾಕೃತದಲ್ಲಿ ಸವೆದು ಸವೆದು ಕೊಂಕಣಿಯ ಶಬ್ದವು ಒಂದೇ ಅಕ್ಷರಕ್ಕೆ ಬಂದು ನಿಂತಿದೆ, ಅಷ್ಟೆ. ಅಕ್ಕತಂಗಿಯರಿಗೆ ಸಂಸ್ಕೃತದಲ್ಲಿ ‘ಸ್ವಸೃ’, ಇಂಗ್ಲಿಷಿನಲ್ಲಿ ‘ಸಿಸ್ಟರ್’, ಲಿಥುವೇನಿಯನ್ನಿನಲ್ಲಿ ‘ಸೆಸುವೋ’. ಕೊಂಕಣಿಯು ಇಲ್ಲಿ ದಾರಿ ಬಿಟ್ಟು ‘ಭಗಿನೀ’ ಎಂಬುದರಿಂದ ‘ಭಯ್ಣ್’ ಎಂದು ಮಾಡಿಕೊಂಡಿತು. ತಾಯಿಗೆ ‘ಮಾತೃ’, ‘ಮದರ್’, ‘ಮೋತಿನಾ’. ಇಲ್ಲಿ ಒಂದು ಸ್ವಾರಸ್ಯವಿದೆ: ಹೆಂಗಸು ಎಂಬುದಕ್ಕೆ ಆ ಭಾಷೆಯಲ್ಲಿ ‘ಮೋತೆರಿಸ್’ ಎನ್ನುತ್ತಾರೆ, ಅದೂ ತಾಯಿ ಎಂಬ ಶಬ್ದದಿಂದಲೇ ಹುಟ್ಟಿದುದು. ನಾವು ಪ್ರತಿ ಹೆಣ್ಣನ್ನೂ ಕೂಸೆಂದೂ ಮಗಳೆಂದೂ ಕರೆದರೆ ಅವರು ಪ್ರತಿ ಹೆಣ್ಣನ್ನೂ ತಾಯಿಯ ಬೇರಿನಿಂದ ಕರೆಯುತ್ತಾರೆ. ಹೆಂಡತಿಗೆ ಅವರಲ್ಲಿ ‘ಜ್ಮೋನಾ’. ಇದು ಮನುಷ್ಯ ಎಂಬರ್ಥದ ‘ಜ್ಮೋಗುಸ್’ ಶಬ್ದದ ಬಳಗಕ್ಕೆ ಸೇರಿದುದು. ಹುಡುಗಿಗೆ ‘ಮೆರ್ಗಾಯ್ತೇ’, ಪ್ರಾಯದ ತರುಣಿಗೆ ‘ಮೆರ್ಗಿನಾ’. ಇಂಗ್ಲಿಷಿನವರು ಈ ಎರಡಕ್ಕೂ ‘ಗರ್ಲ್’ ಎಂದೇ ಅನ್ನುವುದುಂಟು, ಲಿಥುವೇನಿಯನ್ನರು ಹಾಗೆನ್ನರು. ವಿಧವೆಗೆ ಇಂಗ್ಲಿಷಿನಲ್ಲಿ ‘ವಿಡೋ’, ಇದು ನಮ್ಮ ಪುಸ್ತಕಗಳ ‘ವಿಧವಾ’ ಎಂಬುದರ ಸೋದರಶಬ್ದ. ಆದರೆ ಲಿಥುವೇನಿಯನ್ನರು ಇಲ್ಲಿ ‘ನಾಶ್ಲೇ’ ಎಂಬ ಬೇರೊಂದು ಶಬ್ದವನ್ನು ಬಳಸುತ್ತಾರೆ. ಸಾಮ್ಯವನ್ನು ಹುಡುಕುತ್ತ ಹೋದವನಿಗೆ ಎಲ್ಲ ಕಡೆಯೂ ಸಾಮ್ಯವೇ ದೊರೆಯುವುದಿಲ್ಲ.

ಕನ್ನಡವು ಈ ಕುಟುಂಬದ್ದಲ್ಲವೆಂಬುದನ್ನು ಮರೆಯಬಾರದು. ನಮ್ಮ ‘ಹೆಣ್ಣು’ ತಮಿಳು ಮಲೆಯಾಳಗಳ ‘ಪೆಣ್’, ತುಳುವಿನ ‘ಪೊಣ್ಣು’ ಇವುಗಳ ಒಡಹುಟ್ಟು. ಇದನ್ನು ಹೇಳಲು ಕಾರಣವುಂಟು. ನಮ್ಮ ‘ಅವ್ವ’ ಮತ್ತು ಕೊಂಕಣಿಯ ‘ಆವಯ್’ ಎರಡೂ ತಾಯಿಯೇ ಆದುದರಿಂದ ಒಂದೇ ಶಬ್ದವಿರಬೇಕೆಂದು ವಿದ್ಯಾರ್ಥಿಗಳು ಥಟ್ಟನೆ ನಿರ್ಣಯಿಸುತ್ತಾರೆ. ತುಟಿ ಕೂಡಿಸಿ ಬಿಡುವ ಇಂಥ ಶಬ್ದಗಳನ್ನು ಜಗತ್ತಿನ ಎಲ್ಲ ಕೂಸುಗಳೂ ಆಡುತ್ತವೆ; ಧ್ವನಿಸಾಮ್ಯವೊಂದರಿಂದಲೇ ಸಂಬಂಧವನ್ನು ಸ್ಥಾಪಿಸಲಾಗದು. ಒಂದು ಮೋಜಿನ ಉದಾಹರಣೆ: ಲಿಥುವೇನಿಯನ್ನಿನಲ್ಲಿ ‘ಅನೀತಾ’ ಎಂದರೆ ಗಂಡನ ತಾಯಿ, ಅತ್ತೆ! ನಮ್ಮ ಹಾಜರಿ ಪುಸ್ತಕದ ಅನಿತಾಗಳೆಲ್ಲ ಇದನ್ನು ಓದಿ ನಗದಿರಲಿ ಎಂದು ನಾನು ಹೇಳಲಾರೆ.

ಅತ್ತೆಯ ಮಾತು ಬಂದುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಹುಡುಗಿಯ ಅರ್ಜಿ ಎಡವಿದುದು ಇಂಥ ಬಂಧುತ್ವದ ಹೊಸ್ತಿಲಲ್ಲಿಯೇ.

ಲಿಥುವೇನಿಯನ್ನರಲ್ಲಿ ಗಂಡನ ತಾಯಿ ‘ಅನೀತಾ’, ಹೆಂಡತಿಯ ತಾಯಿ ‘ಉವೋಶ್ವೇ’, ಬೇರೆ ಬೇರೆ. ಇಂಗ್ಲಿಷಿನಲ್ಲಿ ಇಬ್ಬರೂ ‘ಮದರ್ ಇನ್ ಲಾ’. ಕನ್ನಡದಲ್ಲಿ ಇಬ್ಬರೂ ಅತ್ತೆಯೇ; ಅಷ್ಟೇ ಅಲ್ಲ, ತಂದೆಯ ಅಕ್ಕತಂಗಿಯರೂ ಅತ್ತೆ, ಸೋದರಮಾವನ ಹೆಂಡತಿಯೂ ಅತ್ತೆ. ಇಂಗ್ಲಿಷನು ಇದನ್ನು ಕೇಳಿ ಕನ್ನಡಿಗರಲ್ಲಿ ಶಬ್ದದ ಬಡತನವಿದೆಯೆಂದು ತಿಳಿದಾನು. ಬಡತನವಲ್ಲ, ವ್ಯವಸ್ಥೆ. ಸೋದರತ್ತೆಯ ಮಕ್ಕಳಿಗೂ ಸೋದರಮಾವನ ಮಕ್ಕಳಿಗೂ ಕೊಟ್ಟು ತರುವ ರೂಢಿಯಿದ್ದ ನಾಡಿನಲ್ಲಿ, ಹುಟ್ಟಿದಂದಿನಿಂದ ಅತ್ತೆಯಾಗಿದ್ದವಳೇ ಮದುವೆಯಾದ ಮೇಲೆಯೂ ಅತ್ತೆಯಾಗಿ ಉಳಿಯುತ್ತಾಳೆ; ಎರಡನೆಯ ಹೆಸರು ಬೇಕಾಗುವುದೇ ಇಲ್ಲ. ಅದೇ ಕ್ರಮದಿಂದ ತಾಯಿಯ ತಂಗಿ ಅತ್ತೆಯಲ್ಲ, ಅವಳು ಚಿಕ್ಕ ತಾಯಿ, ಚಿಗವ್ವ. ತಾಯಿಯ ಅಕ್ಕ ದೊಡ್ಡವ್ವ. ಇವರ ಮಕ್ಕಳು ನಮಗೆ ಅಣ್ಣತಮ್ಮಂದಿರು, ಅಕ್ಕತಂಗಿಯರು. ಚಿಗವ್ವ ಎಂಬ ಒಂದು ಮಾತಿನಲ್ಲಿ ಯಾರಿಗೆ ಯಾರನ್ನು ಮದುವೆ ಮಾಡಬಾರದೆಂಬ ನಿಯಮವೂ ಅಡಗಿದೆ. ಇಂಗ್ಲಿಷಿನ ‘ಆಂಟ್’ ಎಂಬ ಶಬ್ದದಲ್ಲಿ ಅತ್ತೆ, ಚಿಗವ್ವ, ದೊಡ್ಡವ್ವ ಎಲ್ಲರೂ ಕರಗಿಹೋಗುತ್ತಾರೆ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಅಪರಿಚಿತೆಯೂ ಈಗ ಆಂಟಿಯೇ.

ಇನ್ನು ಗಂಡನ ಮನೆಯ ವಿಚಾರ. ಗಂಡನ ಸಹೋದರನಿಗೆ ಲಿಥುವೇನಿಯನ್ನಿನಲ್ಲಿ ‘ದಿಯೆವೆರಿಸ್’, ಸಂಸ್ಕೃತದಲ್ಲಿ ‘ದೇವೃ’, ಕೊಂಕಣಿಯಲ್ಲಿ ‘ದೇರ್’. ಗಂಡನ ಸಹೋದರನ ಹೆಂಡತಿಗೆ ಸಂಸ್ಕೃತದಲ್ಲಿ ‘ಯಾತೃ’, ಹಳೆಯ ಲಿಥುವೇನಿಯನ್ನಿನಲ್ಲಿ ‘ಯೆಂತೇ’, ಮರಾಠಿಯಲ್ಲಿ ‘ಜಾವು’, ಕನ್ನಡದಲ್ಲಿ ‘ನೆಗೆಣ್ಣಿ’. ಗಂಡನ ಅಕ್ಕತಂಗಿ ‘ನಾದಿನಿ’, ಅವರಲ್ಲಿ ‘ಮೋಶಾ’. ನಮ್ಮ ಕಡೆ ಅಣ್ಣನ ಹೆಂಡತಿ ‘ವೈನಿ’. ಒಂದೇ ಅಡಿಗೆಮನೆಯಲ್ಲಿ ದುಡಿಯುವ ಈ ಹೆಂಗಸರಲ್ಲಿ ಒಬ್ಬಳು ಈ ಮನೆಯಲ್ಲಿಯೇ ಹುಟ್ಟಿದವಳು, ಇನ್ನೊಬ್ಬಳು ತನ್ನಂತೆ ಹೊರಗಿನಿಂದ ಬಂದವಳು. ಆ ಭೇದ ಎಷ್ಟು ದೊಡ್ಡದೆಂಬುದು ಒಲೆಯ ಮುಂದೆ ಕುಳಿತವಳಿಗೆ ಗೊತ್ತು. ಇಂಗ್ಲಿಷಿನಲ್ಲಿ ನೆಗೆಣ್ಣಿ, ನಾದಿನಿ, ವೈನಿ ಮೂವರೂ ‘ಸಿಸ್ಟರ್ ಇನ್ ಲಾ’. ಪಡಿತರ ಚೀಟಿಯ ಅರ್ಜಿಯಲ್ಲಿ ಮೂರು ಜನರಿಗೂ ಅದೇ ಶಬ್ದ ಬಂದಾಗ, ಒಬ್ಬಳನ್ನೇ ಮೂರು ಸಲ ಬರೆದಿದ್ದಾರೆಂದು ಗುಮಾಸ್ತರು ಸಂಶಯಪಟ್ಟರೆ ಆಶ್ಚರ್ಯವಿಲ್ಲ. ಲಿಥುವೇನಿಯಾದಲ್ಲಿಯೂ ಈ ಸೂಕ್ಷ್ಮ ಹೆಸರುಗಳಲ್ಲಿ ಕೆಲವು ಮರೆಯಾಗುತ್ತಿವೆ. ಅಣ್ಣನ ಹೆಂಡತಿಯಾಗಲಿ ತಮ್ಮನ ಹೆಂಡತಿಯಾಗಲಿ ‘ಬ್ರೋಲಿಯೆನೇ’ ಎಂದರೆ ಸಾಕು. ಕೂಡುಮನೆ ಒಡೆದಂತೆ ಹೆಸರುಗಳೂ ಒಂದೊಂದಾಗಿ ಹೊಸ್ತಿಲು ದಾಟುತ್ತವೆ. ನಮ್ಮ ಶಾಲೆಯಲ್ಲಿ ‘ನೆಗೆಣ್ಣಿ ಎಂದರೆ ಯಾರು?’ ಎಂದು ಒಮ್ಮೆ ಕೇಳಿ ನೋಡಿದೆ. ಎಂಟನೆಯ ಇಯತ್ತೆಯ ಮೂವತ್ತು ಮಕ್ಕಳಲ್ಲಿ ಆರು ಜನ ಸರಿಯಾಗಿ ಹೇಳಿದರು.

ಕೊರತೆ ನಮ್ಮ ಕಡೆಗೂ ಇದೆ. ‘ಸಿಸ್ಟರ್’, ‘ಸೆಸುವೋ’, ‘ಭಯ್ಣ್’ ಎಂಬ ಮೂರಕ್ಕೂ ಸರಿಯಾದ ಒಂದು ಮನೆಮಾತು ಕನ್ನಡದಲ್ಲಿಲ್ಲ. ಅಕ್ಕನೋ ತಂಗಿಯೋ ಎಂಬುದನ್ನು ತಿಳಿಯದೆ ನಾವು ಬಾಯಿ ತೆರೆಯಲಾರೆವು. ಇಂಗ್ಲಿಷ್ ಪಾಠದಲ್ಲಿ ‘ಅವನ ಸಿಸ್ಟರ್’ ಎಂದಿದ್ದರೆ, ಹಿರಿಯಳೋ ಕಿರಿಯಳೋ ಪಾಠದಲ್ಲಿ ಹೇಳಿರುವುದಿಲ್ಲವಾದ್ದರಿಂದ, ಭಾಷಾಂತರಿಸುವ ವಿದ್ಯಾರ್ಥಿಯು ‘ಸಹೋದರಿ’ ಎಂಬ ಸಂಸ್ಕೃತವನ್ನು ಸಾಲ ತರುತ್ತಾನೆ. ಮನೆಯಲ್ಲಿ ಯಾರೂ ‘ಸಹೋದರಿ, ಊಟಕ್ಕೆ ಬಾ’ ಎಂದು ಕರೆದುದನ್ನು ನಾನು ಕೇಳಿಲ್ಲ.

ಗಂಡಿನ ಹೆಸರಿಗೆ ಪ್ರತ್ಯಯವನ್ನು ಸೇರಿಸಿ ಹೆಣ್ಣಿನ ಹೆಸರನ್ನು ಮಾಡುವ ಪದ್ಧತಿಯು ಈ ಎಲ್ಲ ಭಾಷೆಗಳಲ್ಲಿಯೂ ಇದೆ. ಲಿಥುವೇನಿಯನ್ನಿನಲ್ಲಿ ತೋಳ ‘ವಿಲ್ಕಾಸ್’, ಹೆಣ್ಣುತೋಳ ‘ವಿಲ್ಕೇ’; ಸಂಸ್ಕೃತದಲ್ಲಿ ‘ವೃಕ’, ‘ವೃಕೀ’. ಕುಮಾರನಿಂದ ಕುಮಾರಿಯಾದಂತೆಯೇ ಇದು. ನಮ್ಮ ವೆರ್ಣಾದ ಮೂಲದೇವತೆ ಮ್ಹಾಳಸೆಗೆ ನಾರಾಯಣೀ ಎಂಬ ಹೆಸರಿದೆಯಷ್ಟೆ. ವಿಷ್ಣುವಿನ ಮೋಹಿನೀರೂಪವೆಂದು ಭಕ್ತರು ನಂಬುವ ಆ ದೇವಿಯ ಹೆಸರಿನಲ್ಲಿ ನಾರಾಯಣನನ್ನು ನಾರಾಯಣಿಯಾಗಿಸಿದುದು ಒಂದು ಈಕಾರ. ಕನ್ನಡಕ್ಕೆ ತನ್ನದೇ ಪ್ರತ್ಯಯಗಳಿವೆ: ಗೌಡ, ಗೌಡತಿ, ಹಾಡುಗಾರ, ಹಾಡುಗಾತಿ, ಒಕ್ಕಲಿಗ, ಒಕ್ಕಲಗಿತ್ತಿ. ‘ಸೂಲಗಿತ್ತಿ’ಗೆ ಮಾತ್ರ ಗಂಡುಜೋಡಿಯಿಲ್ಲ, ಆ ವಿದ್ಯೆಯಲ್ಲಿ ಗಂಡಸಿಗೆ ಪ್ರವೇಶವೇ ಇರಲಿಲ್ಲ. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ದೇಶದ ಎಲ್ಲ ಪತ್ರಿಕೆಗಳೂ ಆ ಕನ್ನಡ ಶಬ್ದವನ್ನು ಅವರ ಹೆಸರಿನ ಭಾಗವ��ನ್ನಾಗಿಯೇ ಅಚ್ಚುಹಾಕಿದವು.

ಪಶುಗಳ ಮಾತನ್ನು ಎರಡೇ ಸಾಲಿನಲ್ಲಿ ಮುಗಿಸುತ್ತೇನೆ. ಸಂಸ್ಕೃತದ ‘ಅವಿ’, ಲಿಥುವೇನಿಯನ್ನಿನ ‘ಆವಿಸ್’, ಹೆಣ್ಣುಕುರಿಗೆ ಇಂಗ್ಲಿಷಿನಲ್ಲಿ ಹೇಳುವ ‘ಯೂ’ ಮೂರೂ ಒಂದೇ. ಯಾವ ಪ್ರಾಣಿಯನ್ನು ಜನ ಸಾಕಿ ಬಾಳಿದರೋ ಅದರ ಹೆಣ್ಣಿಗೂ ಗಂಡಿಗೂ ಬೇರೆ ಹೆಸರು: ನಮ್ಮಲ್ಲಿ ಎಮ್ಮೆ ಕೋಣ, ಆಕಳು ಹೋರಿ, ಹೇಂಟೆ ಹುಂಜ, ಹುಲಿ ಕರಡಿಗಳಿಗಾದರೆ ‘ಹೆಣ್ಣು’ ಎಂದು ಮುಂದೆ ಹಚ್ಚಿದರೆ ತೀರಿತು.

ಆದರೆ ಪ್ರತ್ಯಯವು ಹೆಣ್ಣೆಂಬುದನ್ನಲ್ಲದೆ ಇನ್ನೂ ಏನನ್ನೋ ಹೇಳತೊಡಗಿದರೆ? ಲಿಥುವೇನಿಯಾದಲ್ಲಿ ‘ಕಾಜ್ಲೌಸ್ಕಾಸ್’ ಎಂಬ ಮನೆತನದ ಹೆಸರಿದೆಯೆನ್ನಿ. ಅವನ ಹೆಂಡತಿ ‘ಕಾಜ್ಲೌಸ್ಕಿಯೆನೇ’, ಮದುವೆಯಾಗದ ಮಗಳು ‘ಕಾಜ್ಲೌಸ್ಕಾಯ್ತೇ’. ಹೆಸರನ್ನು ಕೂಗಿದೊಡನೆ ಅವಳಿಗೆ ಮದುವೆಯಾಗಿದೆಯೋ ಇಲ್ಲವೋ ಎಂಬುದು ಸಭೆಗೆಲ್ಲ ತಿಳಿಯುತ್ತದೆ. ಗಂಡಸಿನ ಹೆಸರಿನಿಂದ ಅಂಥದೇನೂ ತಿಳಿಯದು. 2009ರಿಂದ 2019ರವರೆಗೆ ಆ ದೇಶದ ಅಧ್ಯಕ್ಷರಾಗಿದ್ದ ದಾಲಿಯಾ ಗ್ರಿಬೌಸ್ಕಾಯ್ತೇ ಅವರ ಹೆಸರಿನ ಕೊನೆಯೂ ತಂದೆಯ ಮನೆಯದು. ಮದುವೆಯ ಸೂಚನೆಯಿಲ್ಲದ, ಬರಿಯ ‘ಏ’ಕಾರದಲ್ಲಿ ಮುಗಿಯುವ ರೂಪವನ್ನು ಇಟ್ಟುಕೊಳ್ಳಲು 2003ರಲ್ಲಿ ಅಲ್ಲಿಯ ಹೆಣ್ಣುಮಕ್ಕಳಿಗೆ ಅನುಮತಿ ದೊರೆಯಿತು. ಇಂಗ್ಲಿಷಿನಲ್ಲಿಯೂ ‘ಮಿಸ್’, ‘ಮಿಸೆಸ್’ ಎಂಬ ಎರಡರ ನಡುವೆ ‘ಮಿಜ್’ ಎಂಬುದು 1970ರ ದಶಕದಿಂದ ಬಳಕೆಗೆ ಬಂದಿತು.

ನಮ್ಮಲ್ಲಿ? ಲಗ್ನಪತ್ರಿಕೆಗಳನ್ನು ನೋಡಿರಿ. ಮದುವಣಗಿತ್ತಿಗೆ ‘ಚಿ. ಸೌ.’, ಮುತ್ತೈದೆಗೆ ‘ಸೌ.’, ಉತ್ತರ ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಗಂಡನಿಲ್ಲದವಳಿಗೆ ‘ಗಂ. ಭಾ.’ ಎಂಬ ಎರಡಕ್ಷರ. ಗಂಗಾ ಭಾಗೀರಥಿ ಎಂಬ ಪವಿತ್ರ ಹೆಸರುಗಳೇ ಅವು. ಆದರೆ ಯಾವ ಹೆಂಗಸೂ ಅವನ್ನು ಸಂತೋಷದಿಂದ ಧರಿಸಿದುದನ್ನು ನಾನರಿಯೆ. ಕೆಲವು ವರ್ಷಗಳ ಹಿಂದೆ ನಮ್ಮ ಬಹುಮಾನ ಸಮಾರಂಭದ ಆಮಂತ್ರಣದಲ್ಲಿ, ಮಗನು ಪ್ರಥಮ ಸ್ಥಾನ ಪಡೆದಿದ್ದ ತಾಯಿಯೊಬ್ಬಳ ಹೆಸರನ್ನು ಹಳೆಯ ರೂಢಿಯಂತೆ ಈ ಎರಡಕ್ಷರಗಳೊಡನೆ ಅಚ್ಚುಹಾಕಿಸಿದೆವು. ತಿದ್ದುಪಡಿಯ ಪ್ರತಿಯನ್ನು ನೋಡಿ ಸಹಿ ಮಾಡಿದವನು ನಾನೇ. ಅವಳು ಸಮಾರಂಭಕ್ಕೆ ಬರಲಿಲ್ಲ. ಹುಡುಗನು ಒಬ್ಬನೇ ವೇದಿಕೆಯನ್ನು ಹತ್ತಿ ಬಹುಮಾನವನ್ನು ತೆಗೆದುಕೊಂಡು ಇಳಿದುಹೋದನು. ಮರುದಿನ ಕೇಳಿದಾಗ, “ಅವ್ವಗ ಮೈಯಾಗ ಆರಾಮ ಇರಲಿಲ್ರಿ ಸರ್” ಎಂದನು. ಅಂದಿನಿಂದ ನಮ್ಮ ಶಾಲೆಯ ಯಾವ ಪಟ್ಟಿಯಲ್ಲಿಯೂ ತಾಯಂದಿರ ಹೆಸರಿನ ಹಿಂದೆ ‘ಶ್ರೀಮತಿ’ ಎಂಬ ಒಂದೇ ಶಬ್ದವಿರುತ್ತದೆ, ಎಲ್ಲರಿಗೂ. ಅದು ವ್ಯಾಕರಣದಿಂದ ಸಂಪತ್ತುಳ್ಳವಳು, ಶೋಭೆಯುಳ್ಳವಳು ಎಂಬರ್ಥವುಳ್ಳದ್ದೇ ಹೊರತು ಗಂಡನ ವಿಷಯವನ್ನೇನೂ ಹೇಳುವುದಿಲ್ಲ. ಪಾಲಕರಲ್ಲಿ ಇಬ್ಬರು ಹಿರಿಯರು ಆಕ್ಷೇಪಿಸಿದರು, ನಾನು ಒಪ್ಪಲಿಲ್ಲ.

ಕನ್ನಡದ ಒಂದು ಗುಣವನ್ನು ಇಲ್ಲಿ ನೆನೆಯದಿರಲಾರೆ. ಗೌರವದ ಬಹುವಚನವನ್ನು ಹಚ್ಚಿದೊಡನೆ ಕ್ರಿಯಾಪದದಲ್ಲಿ ಹೆಣ್ಣು ಗಂಡೆಂಬ ಭೇದ ಕಾಣದಾಗುತ್ತದೆ. ‘ವೈದ್ಯರು ಬಂದರು’, ‘ಅಧ್ಯಕ್ಷರು ಮಾತನಾಡಿದರು’. ಬಂದವರು ಯಾರೆಂದು ಮಾತಿನಿಂದ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಹೀಗಿರುವಾಗ ‘ಅಧ್ಯಕ್ಷೆ’, ‘ಸದಸ್ಯೆ’ ಎಂದು ಬರೆಯುವುದು ಅನಾವಶ್ಯಕವೆಂದು ನನ್ನ ಅಭಿಪ್ರಾಯ. ಆದರೆ ಹೆಣ್ಣುಮಕ್ಕಳ ಕೆಲಸ ಕಣ್ಣಿಗೆ ಕಾಣಬೇಕಾದರೆ ಹೆಸರಿನಲ್ಲಿಯೂ ಕಾಣಬೇಕೆಂದು ನಮ್ಮ ಶಾಲೆಯ ಶಿಕ್ಷಕಿಯರೊಬ್ಬರು ವಾದಿಸುತ್ತಾರೆ. ಲಿಥುವೇನಿಯನ್ನಿನಲ್ಲಿ ಶಿಕ್ಷಕ ‘ಮೊಕೀತೊಯಾಸ್’, ಶಿಕ್ಷಕಿ ‘ಮೊಕೀತೊಯಾ’. ಅಲ್ಲಿ ಈ ವಾದಕ್ಕೆ ಆಸ್ಪದವೇ ಇಲ್ಲ, ಎರಡು ರೂಪಗಳೂ ಬೇಕೇ ಬೇಕು. ಇಂಗ್ಲಿಷಿನಲ್ಲಿ ‘ಪೊಯೆಟೆಸ್’ ಎಂಬುದನ್ನು ಬಿಟ್ಟುಕೊಟ್ಟು ಎಲ್ಲರಿಗೂ ‘ಪೊಯೆಟ್’ ಎನ್ನುತ್ತಿದ್ದಾರೆ. ಅಧ್ಯಾಪಕರ ಕೋಣೆಯಲ್ಲಿ ಈ ಚರ್ಚೆ ಇನ್ನೂ ಮುಗಿದಿಲ್ಲ.

ಅರ್ಜಿಗಳನ್ನು ತುಂಬುವ ಪಾಲಕರಿಗೆ ಒಂದು ಸೂಚನೆ. ಸಂಬಂಧದ ಅಂಕಣದಲ್ಲಿ ಒಂದೇ ಶಬ್ದವನ್ನು ಹುಡುಕಬೇಡಿರಿ, ಬಿಡಿಸಿ ಬರೆಯಿಸಿರಿ. ಚಿಗವ್ವ ಎಂದು ನಿಲ್ಲಿಸದೆ ‘ತಾಯಿಯ ಒಡಹುಟ್ಟಿದ ತಂಗಿ’ ಎಂದು ಹೇಳಿರಿ. ವೈನಿ ಎನ್ನದೆ ‘ಅಣ್ಣನ ಹೆಂಡತಿ’ ಎಂದು ಹೇಳಿರಿ. ಆಗ ಬರೆಯುವವನು ‘ಮದರ್ಸ್ ಯಂಗರ್ ಸಿಸ್ಟರ್’, ‘ಎಲ್ಡರ್ ಬ್ರದರ್ಸ್ ವೈಫ್’ ಎಂದು ಬರೆಯುವನು, ಸಂಶಯಕ್ಕೆ ಎಡೆಯಿರದು. ಆತನು ಬರೆದುದನ್ನು ಮಗನಿಂದಲೋ ಮಗಳಿಂದಲೋ ಒಮ್ಮೆ ಓದಿಸಿ ಕೇಳಿದ ಬಳಿಕವೇ ಹೆಬ್ಬೆಟ್ಟನ್ನೋ ಸಹಿಯನ್ನೋ ಹಾಕಿರಿ. ಶಾಲೆಯ ಕಚೇರಿಗೆ ತಂದರೆ ನಾವೇ ಓದಿ ಹೇಳುತ್ತೇವೆ. ಇದಕ್ಕೆ ಹಣ ಕೊಡಬೇಕಾಗಿಲ್ಲ.

ಆ ಬಾಲಿಕೆಯ ಅರ್ಜಿಯನ್ನೂ ನಾನು ಹೀಗೆಯೇ ತಿದ್ದಿಸಿದೆ. ಆದರೆ ಒಮ್ಮೆ ಕಡತಕ್ಕೆ ಹೋದ ಮಾತು ಅಷ್ಟು ಸುಲಭವಾಗಿ ಹೊರಗೆ ಬರುವುದಿಲ್ಲ. ಕೊನೆಗೆ ತಾಯಿಯೇ ಊರಿನಿಂದ ರಾತ್ರಿ ಬಸ್ಸು ಹತ್ತಿ ಬರಬೇಕಾಯಿತು. ನಾನೂ ಅವಳ ಸಂಗಡ ಕಚೇರಿಗೆ ಹೋದೆ. ಗುಮಾಸ್ತರು ಪತ್ರವನ್ನು ತಿರುವಿ ಹಾಕಿ, ಈ ಹುಡುಗಿಗೆ ನೀವು ಏನಾಗಬೇಕೆಂದು ಹಿಂದಿಯಲ್ಲಿ ಕೇಳಿದರು. ಅವಳು ಸೆರಗನ್ನು ಸರಿಪಡಿಸಿಕೊಂಡು, ಮೇಜಿನ ಅಂಚನ್ನು ಹಿಡಿದು, “ನಾನs ಇಕಿನ ಹಡದವ್ವ” ಎಂದಳು. ಅದನ್ನು ಇಂಗ್ಲಿಷಿನಲ್ಲಿ ಏನೆಂದು ಬರೆಯಬೇಕೆಂದು ಗುಮಾಸ್ತರು ನನ್ನನ್ನು ಕೇಳಿದರು. ‘ಮದರ್’ ಎಂದು ಬರೆದುಕೊಳ್ಳಿರಿ, ಸಾಕು ಎಂದೆನು.